ಮೂರು ಸಲ ತೊಳೆದ ಸೀಸೆ

ಎಲ್ ಸಪೋತಾಲ್ ಊರಿಗೆ ನೀರು ಬಿಡುವವನು ನಾನು, ಎವೇಲಿಯೊ. ನನ್ನಷ್ಟು ಧಾರಾಳವಾಗಿ ಕ್ಲೋರಿನ್ ಹಾಕುವ ಗಂಡಸು ಇಡೀ ಹೊಂಡುರಾಸಿನಲ್ಲಿ ಹುಟ್ಟಿಲ್ಲ. ಮಳೆಗಾಲದಲ್ಲಿ ಕೊಳೆತ ಎಲೆಯ ರಸ ಇಳಿದು, ನಮ್ಮ ಟ್ಯಾಂಕಿಗೆ ನೀರು ಬರುವ ತೊರೆ ಕಾಫಿಯ ಬಣ್ಣಕ್ಕೆ ತಿರುಗಿದರೆ, ಒಂದಕ್ಕೆ ಮೂರು ಅಳತೆ ಸುರಿಯುತ್ತಿದ್ದೆ. ನಮ್ಮ ನಲ್ಲಿ ತಿರುಗಿಸಿದರೆ ಪಕ್ಕದೂರಿನ ಕೋಳಿ ಸೀನಬೇಕು. ಆಗಲೇ ನೀರು ಶುದ್ಧ ಎಂಬುದು ನನ್ನ ಶಾಸ್ತ್ರ.

ಆ ಶಾಸ್ತ್ರಕ್ಕೆ ಮಣ್ಣು ಹಾಕಿದವಳು ನನ್ನ ಮಗಳು ನುಬಿಯಾ. ಏಳು ತಿಂಗಳ ಬಸುರಿ, ಕೊಳವೆ ಮುಗಿಯುವ ಕೊನೆಯ ಮನೆಯ ಸೊಸೆ. ಒಂದು ಬೆಳಿಗ್ಗೆ ಕೊಡ ಹಿಡಿದು ತೊರೆಯತ್ತ ಹೊರಟಿದ್ದಳು.

“ಹೋದ ವರ್ಷ ಆ ನೀರು ಕುಡಿದು ಅರ್ಧ ಊರು ಭೇದಿ ಹತ್ತಿ ಮಲಗಿತ್ತಲ್ಲೇ.”

“ನಿನ್ನ ನೀರು ಗಂಟಲಲ್ಲಿ ಇಳಿಯಲ್ಲ ಪಪ್ಪಾ. ನೆಲ ಒರೆಸಿದ ನೀರಿನ ಥರ ಇದೆ.”

ಅವಳ ಅತ್ತೆ ದೋನ್ಯಾ ಎರ್ಮಿಂದಾ ಟೊರ್ಟಿಯಾ ರೊಟ್ಟಿ ತಟ್ಟುತ್ತಲೇ, “ಬೀಗರು ಹುಳ ಕೊಲ್ಲೋಕೆ ಹೊರಟಿದ್ದಾರೋ, ನಮ್ಮನ್ನೋ?” ಎಂದರು.

ಆರೋಗ್ಯ ಕಾರ್ಯಕರ್ತೆ ದಿಲ್ಸಿಯಾ ಬಂದಳು. “ನುಬಿಯಾ, ತೊರೆ ನೀರನ್ನ ಕುದಿಸದೆ ಕುಡೀಬೇಡ. ದೋನ್ ಎವೇಲಿಯೊ, ಕ್ಲೋರಿನ್ ಬೇಕೇ ಬೇಕು. ಆದ್ರೆ ಎಲೆ ರಸಕ್ಕೆ ಅದು ಸೇರಿದ್ರೆ ಬೇಡದ ರಾಸಾಯನಿಕ ಹುಟ್ತವೆ. ವರ್ಷಗಟ್ಟಲೆ ಮಿತಿ ಮೀರಿ ಹೊಟ್ಟೆಗೆ ಹೋದ್ರೆ ಒಳ್ಳೇದಲ್ಲ. ಮೂಸಿ ಹೇಳೋಕಾಗಲ್ಲ, ಪರೀಕ್ಷೆನೇ ಆಗ್ಬೇಕು.”

“ನಮ್ಮನೆ ನಲ್ಲೀದು ತಗೋ, ಟ್ಯಾಂಕಿನ ಪಕ್ಕದಲ್ಲೇ ಇದೆ,” ಎಂದೆ.

“ಜಾಣ. ನೀರು ಕೊಳವೇಲಿ ಇದ್ದಷ್ಟು ಹೊತ್ತೂ ಅವು ಹೆಚ್ತಾವೆ. ಕೊನೇ ಮನೇದೇ ಬೇಕು.”

ಅವಳು ಪುಟ್ಟ ಗಾಜಿನ ಸೀಸೆ ಮೇಜಿನ ಮೇಲಿಟ್ಟು ಕಾಫಿ ಕುಡಿಯುವುದರೊಳಗೆ, ದೋನ್ಯಾ ಎರ್ಮಿಂದಾ ಅದನ್ನು ಫಳಫಳ ಹೊಳೆಸಿ ತಂದರು.

“ತಳದಲ್ಲಿ ಏನೋ ಬಿಳೀ ಪುಡಿ ಅಂಟಿತ್ತು. ಮೂರು ಸಲ ಸೋಪು ಹಾಕಿ ತೊಳೆದೆ. ನಮ್ಮನೆಯಿಂದ ಕೊಳಕು ಪಾತ್ರೆ ಆಚೆ ಹೋದದ್ದಿಲ್ಲ.”

ದಿಲ್ಸಿಯಾ ತಲೆ ಹಿಡಿದುಕೊಂಡಳು. “ಪ್ರಯೋಗಾಲಯಕ್ಕೆ ಹೋಗೋ ದಾರೀಲಿ ಕ್ಲೋರಿನ್ ಕೆಲಸ ನಿಲ್ಸೋದೇ ಆ ಪುಡಿ, ದೋನ್ಯಾ.”

ಮುಂದಿನ ವಾರ ಹೊಸ ಸೀಸೆ ಬಂತು. ಈ ಸಲ ದೋನ್ಯಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತರು. ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ಸಣ್ಣ ಧಾರೆಯಲ್ಲಿ, ಪುಡಿ ಹೊರಚೆಲ್ಲದಂತೆ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿದೆವು.

ಫಲಿತಾಂಶಕ್ಕೆ ಹತ್ತು ದಿನ. ಟ್ಯಾಂಕಿಗೂ ಮಗಳ ಮನೆಗೂ ನಾನು ಅಲೆದ ಅಲೆತಕ್ಕೆ ಬೆಟ್ಟ ಒಂದು ಅಡಿ ಸವೆಯಿತು. ಒಲೆಯ ಮೇಲೆ ಕುದಿಯುವ ತೊರೆ ನೀರು ಕಂಡಾಗಲೆಲ್ಲ ಮತ್ತೆ ಟ್ಯಾಂಕಿನತ್ತ ಓಡುತ್ತಿದ್ದೆ.

ಕಾಗದ ಬಂತು: ಆ ಬೇಡದ ರಾಸಾಯನಿಕಗಳು ಮಿತಿಗಿಂತ ಹೆಚ್ಚು. ನನ್ನ ಜಂಬ ಇಳಿಯಲು ಅಷ್ಟು ಸಾಕಾಯಿತು. ಊರವರೆಲ್ಲ ಸೇರಿ ತೊರೆಯ ನೀರು ಕೊಳವೆಗೆ ಹೊಗುವ ಬಾಯಲ್ಲಿದ್ದ ಎಲೆ ತೆಗೆದೆವು, ಸೋಸುವ ಮರಳು ತೊಳೆದೆವು, ಕೊಳವೆಯ ತುದಿಯಲ್ಲಿ ನಿಂತ ನೀರನ್ನು ಹೊರಬಿಟ್ಟೆವು. ತಿಳಿಯಾದ ನೀರಿಗೆ ಮಾತ್ರ, ದಿಲ್ಸಿಯಾ ಹೇಳಿದ ಅಳತೆಯಲ್ಲಿ ಕ್ಲೋರಿನ್ ಹಾಕಿದೆ. ಮತ್ತೆ ಸೀಸೆ ಹೋಯಿತು; ಈ ಸಲ ಮಿತಿಯೊಳಗಿತ್ತು.

ನುಬಿಯಾ ನಲ್ಲಿಯಿಂದ ಲೋಟ ತುಂಬಿ ನನ್ನ ಮುಂದೆ ಹಿಡಿದಳು. “ಮೊದ್ಲು ನೀನು, ಪಪ್ಪಾ.”

ಏಳು ಲೋಟ ಕುಡಿದೆ. ಎಂಟನೆಯದನ್ನು ಅವಳು ಕಸಿದುಕೊಂಡು ತಾನೇ ಕುಡಿದಳು.

ನೀವೂ ಕ್ಲೋರಿನ್ ಬೇಡ ಎನ್ನಬೇಡಿ, ವಾಸನೆಯನ್ನೂ ನಂಬಬೇಡಿ. “ಕೊನೆಯ ಮನೆಯ ನೀರನ್ನು ಯಾವಾಗ ಪರೀಕ್ಷಿಸಿದಿರಿ?” ಎಂದು ನಿಮ್ಮೂರಿನ ನೀರು ಬಿಡುವವನನ್ನು ಇವತ್ತೇ ಕೇಳಿ. ಸೀಸೆ ಬಂದರೆ, ದಯವಿಟ್ಟು, ತೊಳೆಯಬೇಡಿ.