ಜಿಡ್ಡಿನಡಿಯ ಗೆರೆ

ಲಕ್ವ ಹೊಡೆದ ಮೇಲೆ ಟೈಲರನ ಬಲಗೈಯಲ್ಲಿ ಸ್ಪರ್ಶ ಉಳಿದಿತ್ತು, ಬಲ ಹೋಗಿತ್ತು. ವ್ಯಾಯಾಮ ಮಾಡಿಸುವಾಕೆ ರಬ್ಬರ್ ಚೆಂಡೊಂದನ್ನು ಕೊಟ್ಟು ದಿನಾ ಹಿಸುಕಬೇಕು ಎಂದಿದ್ದಳು. ಆತ ಒಂದೆರಡು ಸಲ ಹಿಸುಕಿ ಅದನ್ನು ಮಂಚದ ಕೆಳಗೆ ಉರುಳಿಸಿಬಿಡುತ್ತಿದ್ದ. ಹೆಂಡತಿ ಬಗ್ಗಿ ತೆಗೆದುಕೊಟ್ಟರೆ, “ನಾನೇನು ಎಳೆ ಮಗುನಾ?” ಎಂದು ಮುಖ ತಿರುಗಿಸುತ್ತಿದ್ದ.

ಅಂಗಡಿಯ ಭಾರವೆಲ್ಲ ಈಗ ಅವಳದೇ. ಹೊಲಿದ ಸಮವಸ್ತ್ರಗಳ ಗಂಟುಗಳನ್ನು ಹಳೆಯ ಕಾರಿನ ತುಂಬ ತುರುಕಿ, ಮನೆಯೆದುರಿನ ಕಡಿದಾದ ಇಳಿಜಾರಿನಲ್ಲಿ ಅವಳೇ ಓಡಿಸಿಕೊಂಡು ಹೋಗುತ್ತಿದ್ದಳು. ಒಂದು ಬೆಳಗ್ಗೆ ಅರ್ಧ ಇಳಿಯುವಷ್ಟರಲ್ಲಿ ಬ್ರೇಕ್ ಕಾದು, ಪೆಡಲ್ ಮೆತ್ತಗೆ ಒಳಕ್ಕೆ ಹೋಯಿತು. ಗೇರ್ ಇಳಿಸಿ, ಕೈಬ್ರೇಕ್ ಎಳೆದು, ತರಕಾರಿ ಅಂಗಡಿಯ ಗೋಡೆಗೆ ಗೇಣು ದೂರದಲ್ಲಿ ಹೇಗೋ ನಿಲ್ಲಿಸಿದಳು.

ಸುದ್ದಿ ಕೇಳಿ ಅವಳ ತಮ್ಮ ಓಡಿಬಂದ. ಆತ ಮೆಕ್ಯಾನಿಕ್. “ಈ ಭಾರಕ್ಕೆ ಈ ಬ್ರೇಕ್ ಸಾಲಲ್ಲ ಅಕ್ಕ. ದೊಡ್ಡದು ಹಾಕೋಣ,” ಎಂದ. ಭಾನುವಾರ ಹೊಸ ಡಿಸ್ಕುಗಳ ಜೊತೆಗೆ, ಗುಜರಿಯಿಂದ ಎರಡು ಅಲ್ಯೂಮಿನಿಯಂ ಕ್ಯಾಲಿಪರ್ ತಂದ. ಬ್ರೇಕ್ ಒತ್ತಿದಾಗ ಡಿಸ್ಕನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಭಾಗ ಅದು. ದೊಡ್ಡ ಕಾರಿನವು, ಆದರೆ ಬ್ರೇಕಿನ ಪುಡಿ, ಗ್ರೀಸು, ರಸ್ತೆಯ ಮಣ್ಣು ಎಲ್ಲ ಸೇರಿ ಕಾದು, ತಳ ಹಿಡಿದ ಪಾತ್ರೆಯ ಹಾಗೆ ಕರ್ರಗಾಗಿದ್ದವು. ಒಳಗಿನ ಹಳೆಯ ರಬ್ಬರುಗಳನ್ನೆಲ್ಲ ಕಿತ್ತುಹಾಕಿ, ಅವನ್ನು ಸೀಮೆಎಣ್ಣೆಯ ಟಬ್ಬಿನಲ್ಲಿ ಮುಳುಗಿಸಿ ಟೈಲರನ ಮುಂದಿಟ್ಟ.

“ಭಾವ, ಇದನ್ನ ತಿಕ್ಕಿಕೊಡಿ.”

“ಆ ವ್ಯಾಯಾಮದವಳು ಚೆಂಡು ಕೊಟ್ಟಳು, ನೀನು ಇದು. ನನಗೆ ಹೊತ್ತು ಹೋಗಲಿ ಅಂತನಾ?”

“ಅಲ್ಲ, ನನಗೇ ಹೊತ್ತಿಲ್ಲ ಅಂತ. ಹಳೇ ಬೋಲ್ಟು ತುಕ್ಕು ಹಿಡಿದು ಕೂತಿದೆ, ಬಿಚ್ಚೋಷ್ಟರಲ್ಲಿ ನನ್ನ ಪ್ರಾಣ ಹೋಗುತ್ತೆ. ತಂತಿ ಬ್ರಶ್ ಬೇಡ, ಗೀರು ಬೀಳುತ್ತೆ. ಹಲ್ಲುಜ್ಜೋ ಬ್ರಶ್ಶಲ್ಲೇ ಆಗಬೇಕು.”

ಟೈಲರ್ ಗೊಣಗುತ್ತ ಎಡಗೈಯಲ್ಲಿ ಬ್ರಶ್ ಹಿಡಿದ. ಮೊದಲು ಬರೀ ಕಪ್ಪು ನೀರು ಇಳಿಯಿತು. ಮತ್ತೆ ತಿಕ್ಕಿದ. ಒಂದು ಮೂಲೆಯಲ್ಲಿ ಬೆಳ್ಳಗೆ ಲೋಹ ಇಣುಕಿದ್ದೇ ತಡ, ಆತನಿಗೆ ಹುಮ್ಮಸ್ಸು ಬಂತು. ಸಂದಿಗೊಂದಿಯನ್ನೂ ಬಿಡದೆ ಉಜ್ಜಿ, ಸೋಪಿನ ನೀರಲ್ಲಿ ತೊಳೆದು, ಬೆರಳಾಡಿಸಿ ನೋಡುತ್ತಿದ್ದ. ಎರಡನೆಯ ಕ್ಯಾಲಿಪರಿನಲ್ಲಿ ಬೋಲ್ಟ್ ಹೋಗುವ ತೂತಿನ ಹತ್ತಿರ ಬೆರಳು ನಿಂತಿತು.

“ಇಲ್ಲಿ ಏನೋ ತಡೀತಿದೆ ನೋಡು.”

“ಎರಕದ ಗೆರೆ ಇರುತ್ತೆ ಭಾವ,” ಎಂದ ಮೆಕ್ಯಾನಿಕ್ ಕಾರಿನಡಿಯಿಂದಲೇ.

“ಎರಕದ ಗೆರೆ ಪಕ್ಕದಲ್ಲಿ ಬೇರೆ ಇದೆ, ಅದು ಉಬ್ಬಿದೆ. ಇದು ಉಗುರು ಹಿಡಿಯುತ್ತೆ. ಬಟ್ಟೆ ಪಿಸಿಯೋಕೆ ಮುಂಚೆ ಹೀಗೇ ಇರುತ್ತೆ.”

ಮೆಕ್ಯಾನಿಕ್ ಹೊರಬಂದು ಟಾರ್ಚ್ ಬಿಟ್ಟು ನೋಡಿದ. ಏನೂ ಕಾಣಲಿಲ್ಲ. ಆದರೂ ಸುಮ್ಮನಾಗದೆ ತೆಳು ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿದ. ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸನ್ನು ಪುಡಿ ಮಾಡಿ ಉದುರಿಸಿದ. ಒಳಗಿಳಿದಿದ್ದ ಎಣ್ಣೆ ಮೆಲ್ಲಗೆ ಜಿನುಗಿ, ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು. ಅದು ನೇರ ಬೋಲ್ಟಿನ ತೂತಿನವರೆಗೂ ಹೋಗಿತ್ತು. ಬಿರುಕು.

ಮೆಕ್ಯಾನಿಕ್ ಅದನ್ನು ಪಕ್ಕಕ್ಕೆ ತೆಗೆದಿಟ್ಟ. “ನಾನಾಗಿದ್ರೆ ಮೇಲೆ ಮೇಲೆ ಒರೆಸಿ ಹಾಕಿಬಿಡ್ತಿದ್ದೆ. ಅಕ್ಕ ಇದರಲ್ಲೇ ಇಳಿಜಾರು ಇಳೀತಿದ್ದಳು.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗೆರೆಯನ್ನು ನೋಡುತ್ತಿರಲಿಲ್ಲ. “ರೀ,” ಎಂದಳು ಮೆಲ್ಲಗೆ, “ಬ್ರಶ್ ಯಾವ ಕೈಯಲ್ಲಿದೆ?”

ಟೈಲರ್ ತಲೆ ತಗ್ಗಿಸಿ ನೋಡಿದ. ಬಲಗೈಯಲ್ಲಿತ್ತು. ಯಾವಾಗ ಬದಲಾಯಿಸಿದನೋ ಆತನಿಗೇ ತಿಳಿಯದು. ಬೆರಳುಗಳು ನಡುಗುತ್ತಿದ್ದವು, ಆದರೆ ಬ್ರಶ್ಶನ್ನು ಬಿಟ್ಟಿರಲಿಲ್ಲ.

ಬಿರುಕಿನ ಕ್ಯಾಲಿಪರನ್ನು ಗುಜರಿಯವನಿಗೆ ತೋರಿಸಿದಾಗ ಅವನೂ ಬೆಚ್ಚಿದ. ಇನ್ಯಾರ ಕೈಗೂ ಸಿಗದಿರಲಿ ಎಂದು ಅದನ್ನು ಸುತ್ತಿಗೆಯಿಂದ ಜಜ್ಜಿ, ಕರಗಿಸುವ ರಾಶಿಗೆಸೆದು ಬೇರೊಂದು ಕೊಟ್ಟ. ಅದನ್ನೂ ಟೈಲರೇ ತಿಕ್ಕಿದ. ಎಣ್ಣೆ, ಚಾಕ್‌ಪೀಸಿನ ಪುಡಿಯ ಪರೀಕ್ಷೆ ಎರಡು ಕ್ಯಾಲಿಪರಿಗೂ ನಡೆಯಿತು. ಎಲ್ಲೂ ಗೆರೆ ಏಳಲಿಲ್ಲ. ಹೊಸ ರಬ್ಬರು ಹಾಕಿ, ಜೋಡಿಸಿ, ಅಕ್ಕ ಪೆಡಲ್ ಒತ್ತುತ್ತಿದ್ದಂತೆ ತಮ್ಮ ಬ್ರೇಕ್ ಎಣ್ಣೆಯ ಕೊಳವೆಯೊಳಗಿನ ಗಾಳಿ ತೆಗೆದ. ಮೂವರೂ ಕಾರಿನಲ್ಲಿ ಕೂತು ಇಳಿಜಾರು ಇಳಿದರು. ಅವಳು ಒತ್ತಿದಲ್ಲೆಲ್ಲ ಕಾರು ಗಟ್ಟಿಯಾಗಿ ನಿಂತಿತು.

“ಭಾವ, ನೀವು ಅಕ್ಕನ್ನ ಉಳಿಸಿದ್ರಿ,” ಎಂದ ಮೆಕ್ಯಾನಿಕ್ ಹಿಂದಿನ ಸೀಟಿನಿಂದ.

“ನೀನು ನನ್ನನ್ನ ಉಳಿಸಿದೆ,” ಎಂದ ಟೈಲರ್. “ಎಲ್ಲರೂ ನನ್ನ ಕೈಗೆ ಔಷಧಿ ಕೊಟ್ಟರು. ನೀನು ಕೆಲಸ ಕೊಟ್ಟೆ. ಮನೆಯವರಿಗೆ ಥ್ಯಾಂಕ್ಸ್ ಹೇಳೋದಕ್ಕೆ ನಾಲಿಗೆ ಹೊರಳಲ್ಲ, ನೀನೇ ಅರ್ಥ ಮಾಡಿಕೋ.”

ಹೆಂಡತಿ ರಸ್ತೆ ಮಸುಕಾಯಿತೆಂದು ಕಣ್ಣೊರೆಸಿಕೊಂಡಳು.

ಮರುವಾರ ತಮ್ಮ ಜಿಡ್ಡು ಹಿಡಿದ ಗೇರ್‌ಬಾಕ್ಸ್ ಮುಚ್ಚಳವೊಂದನ್ನು ತಂದಿಟ್ಟ. “ಮನೆಯೆಲ್ಲ ಸೀಮೆಎಣ್ಣೆ ನಾತ!” ಎಂದು ಅಕ್ಕ ಗದರಿದಳು. ಗದರುತ್ತಲೇ ಟಬ್ಬನ್ನು ಗಂಡನ ಬಲಗೈಯ ಕಡೆಗೆ ಸರಿಸಿದಳು.