ಸತ್ತ ಡಬ್ಬದ ವಿಳಾಸ

ತೂಕದ ಯಂತ್ರ ಮಾತು ಬಿಟ್ಟ ಮೂರನೇ ದಿನ ಸೆಕ್ರೆಟರಿ ಶ್ರೀರಂಗಯ್ಯ ಕಂಪ್ಯೂಟರಿಗೆ ನಿಂಬೆಹಣ್ಣು ನಿವಾಳಿಸಿದ. ಹಿಂದಿನ ದಿನ ಕುಂಕುಮ ಇಟ್ಟಿದ್ದ. ಅದಕ್ಕೂ ಹಿಂದಿನ ದಿನ ಗುದ್ದಿದ್ದ. ನಮ್ಮ ಸೊಸೈಟಿಯಲ್ಲಿ ರಿಪೇರಿ ಅಂದರೆ ಇಷ್ಟೇ. ಇದರ ನಡುನಡುವೆ ಆಫ್ ಮಾಡಿ ಆನ್ ಮಾಡುವುದು, ದಿನಕ್ಕೆ ಇಪ್ಪತ್ತು ಸಲ.

ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವುದಕ್ಕೆ ಅಂದೇ ಕೊನೆ. ಸಂಜೆ ಐದಕ್ಕೆ ಆನ್‌ಲೈನು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕೈಯಲ್ಲಿ ತೂಕ ಬರೆದರೆ ನಡೆಯುವುದಿಲ್ಲ. ಮೂಟೆ ಇಟ್ಟ ಕೂಡಲೇ ತಕ್ಕಡಿಯ ಪಕ್ಕದ ಡಬ್ಬದಿಂದ ವೈರಿನಲ್ಲಿ ನೇರ ಕಂಪ್ಯೂಟರಿಗೆ ಹೋಗಬೇಕು. ಹಳೆಯ ಡಬ್ಬ ಸಿಡಿಲಿಗೆ ಸುಟ್ಟು ಹೊಸದು ಬಂದಿತ್ತು. ಹೊಸದರ ಮೇಲೆ ಕೆಂಪು ಅಂಕಿಗಳು ಚೆನ್ನಾಗಿಯೇ ಕಾಣುತ್ತಿದ್ದವು. ಕಂಪ್ಯೂಟರಿಗೆ ಮಾತ್ರ ಡಬ್ಬವೇ ಕಾಣುತ್ತಿರಲಿಲ್ಲ.

ಹೊರಗೆ ರಸ್ತೆಯುದ್ದಕ್ಕೂ ಮೂಟೆಗಳು. ನಮ್ಮವ್ವ ಮುದ್ದಕ್ಕನದು ಹದಿನಾಲ್ಕನೇ ಟೋಕನ್ನು, ಒಂಬತ್ತು ಮೂಟೆ. ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗೊಡಗೊಡ ಅನ್ನುವ ತನಕ ಕಾದು, ಚಿಪ್ಪೊಡೆದು ತೆಗೆದ ಉಂಡೆ ಕೊಬ್ಬರಿ. ಅಟ್ಟದ ಮೇಲೆ ಅದು ವರ್ಷ ಕಾಯುತ್ತದೆ. ಒಡೆದ ಮೇಲೆ ಕಾಯುವುದಿಲ್ಲ. ಮೋಡ ಕವಿದಿತ್ತು. ನೆನೆದರೆ ಬೂಷ್ಟು, ಬೂಷ್ಟು ಬಂದರೆ ಎಣ್ಣೆ ಗಾಣದವನು ಕೇಳಿದ್ದೇ ಬೆಲೆ.

ರಿಪೇರಿಗೆ ತಿಪಟೂರಿಂದ ರಂಗನಾಥ್ ಅನ್ನುವ ಎಂಜಿನಿಯರ್ ಬಂದಿದ್ದ. ಕೊರಳಲ್ಲಿ ಗುರುತಿನ ಚೀಟಿ, ಹೆಗಲಿಗೆ ಕಪ್ಪು ಬ್ಯಾಗು, ಬಾಯಲ್ಲಿ ಒಂದೇ ಮಾತು: "ವೈರ್ ಹೋಗೈತೆ ಕಣ್ರೀ." ಮೂರು ದಿನದಲ್ಲಿ ಮೂರು ವೈರು ಬದಲಾಯಿಸಿದ. ಅವನು ಓದಿದ ವಿದ್ಯೆಯಲ್ಲಿ ಬೇರೆ ಕಾಯಿಲೆಯೇ ಇರಲಿಲ್ಲ.

ನಾನು ಮೂರು ವರ್ಷ ಇಂಟರ್ನೆಟ್ ಲೈನಿನವರ ಜೊತೆ ಕಂಬ ಹತ್ತಿದವನು. ಮೊದಲ ದಿನವೇ, ಒಂದು ಸಲ ನೋಡುತ್ತೇನೆ ಅಂದಿದ್ದೆ.

"ಒಂಬತ್ತನೇ ಕ್ಲಾಸು ದಾಟ್ದೋನಲ್ಲ, ನೀನೇನ್ಲಾ ನೋಡೋದು?" ಅಂದಿದ್ದ ಶ್ರೀರಂಗಯ್ಯ. "ಕಂಬ ಹತ್ತೋ ಕೆಲ್ಸ ಬಂದ್ರೆ ಹೇಳ್ಕಳಿಸ್ತೀನಿ, ಹೋಗು."

ಸಾಲಿಗೆ ಸಾಲೇ ನಕ್ಕಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸೊಸೈಟಿ ಡೈರೆಕ್ಟರು ಕೆಂಪಯ್ಯ. ಕೊಳೆಯಲಿ ನಿಮ್ಮ ಕೊಬ್ಬರಿ ಅಂತ ಹೋಗಿ ಹುಣಸೆಮರದ ಕೆಳಗೆ ಕೂತಿದ್ದೆ.

ಮೂರನೇ ದಿನ ಮೂರೂವರೆಗೆ ಸೆಕ್ರೆಟರಿಯೂ ಎಂಜಿನಿಯರೂ ಬೋಂಡದಂಗಡಿಗೆ ಹೋದರು. ಕಂಪ್ಯೂಟರಿನ ಮುಂದೆ ಕೂರುವ ದಾನೇಶ್ವರಿ ಕಿಟಕಿಯಿಂದ ಕೂಗಿದಳು. "ಬಾರಪ್ಪ ಚಿತ್ತೇಶಾ, ಅವ್ರು ಬೋಂಡ ಮುಗ್ಸೋಷ್ಟ್ರಲ್ಲಿ ಅದೇನ್ ನೋಡ್ತೀಯೋ ನೋಡು. ಬೈಸ್ಕಳದು ನಂಗೇನ್ ಹೊಸ್ದಲ್ಲ."

ಒಳಗೆ ಹೋಗಿ, ಕಂಪ್ಯೂಟರಿಗೆ ನೇರ ಅಪ್ಪಣೆ ಕೊಡುವ ಕಪ್ಪು ಕಿಟಕಿಯನ್ನು ತೆರೆಯ ಮೇಲೆ ತೆಗೆದು arp -a ಅಂತ ಬಡಿದೆ. ಒಂದು ಪಟ್ಟಿ ಬಂತು. ವೈರಿಗೆ ಸಿಕ್ಕಿಸಿದ ಪ್ರತಿ ಯಂತ್ರಕ್ಕೂ ಎರಡು ಗುರುತು. ಒಂದು ನಾವು ಕೊಡುವ ನಂಬರು. ಇನ್ನೊಂದು ಅದು ಹುಟ್ಟುವಾಗಲೇ ಹಣೆಯಲ್ಲಿ ಬರೆಸಿಕೊಂಡು ಬಂದ ನಂಬರು, ಅದರ ಖಾಯಂ ವಿಳಾಸ. ಯಾವುದಕ್ಕೆ ಯಾವುದು ಅಂತ ಕಂಪ್ಯೂಟರ್ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಆಗಾಗ ತಾನೇ ಕೇಳಿ ತಿದ್ದಿಕೊಳ್ಳುತ್ತದೆ. ಆದರೆ ಯಾರಾದರೂ ಕೈಯಾರೆ ಬರೆದುಬಿಟ್ಟರೆ ಮುಗಿಯಿತು, ಮತ್ತೆ ಯಾರನ್ನೂ ಕೇಳುವುದಿಲ್ಲ.

"ಹೊಸ ಡಬ್ಬದ ಹಿಂದ್ಗಡೆ ಚೀಟೀಲಿ ಏನೈತೆ, ಓದು."

ಓದಿದಳು. ಪಟ್ಟಿಯಲ್ಲಿದ್ದದ್ದು ಬೇರೆ. ತಕ್ಕಡಿಯ ನಂಬರಿನ ಎದುರಿಗೆ ಸುಟ್ಟುಹೋದ ಹಳೆಯ ಡಬ್ಬದ ಹಣೆಬರಹ ಕೂತಿತ್ತು, ಕದಲದ ಹಾಗೆ. ಪಹಣಿಯಲ್ಲಿ ಸತ್ತ ತಾತನ ಹೆಸರಿದೆ ಅಂತ ಎದುರಿಗೆ ನಿಂತ ಮೊಮ್ಮಗನನ್ನು ವಾಪಸು ಅಟ್ಟುವ ಶ್ರೀರಂಗಯ್ಯನ ಬುದ್ಧಿಯೇ ಕಂಪ್ಯೂಟರಿಗೂ ಬಂದಿತ್ತು.

arp -d ಬರೆದು, ಮುಂದೆ ತಕ್ಕಡಿಯ ನಂಬರು ಹಾಕಿ ಆ ಸಾಲನ್ನು ಅಳಿಸಿದೆ. ಮೊದಲನೇ ಟೋಕನ್ನಿನ ಲಕ್ಕಯ್ಯ ಮೂಟೆ ಇಟ್ಟ. ತೆರೆಯ ಮೇಲೆ ತೂಕ ಮೂಡಿತು.

"ಬಂತು ಬಂತು!" ದಾನೇಶ್ವರಿ ಕುರ್ಚಿಯಿಂದ ಎದ್ದೇಬಿಟ್ಟಳು.

ಶ್ರೀರಂಗಯ್ಯ ಕೈಯ ಎಣ್ಣೆಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಬಂದ. "ಆಯ್ತಾ? ನಾನ್ ಹೇಳ್ಲಿಲ್ವಾ, ನಿಂಬೆಹಣ್ಣು ಸುಮ್ನೆ ಹೋಗಲ್ಲ ಅಂತ. ಒಂದ್ಸಲ ಆಫ್ ಮಾಡಿ ಆನ್ ಮಾಡನ, ಗಟ್ಟಿಯಾಗ್ಲಿ."

"ಬ್ಯಾಡ ಸಾರ್—"

ಒತ್ತಿಯೇಬಿಟ್ಟ. ಆ ಕಂಪ್ಯೂಟರು ಮಲಗಿ ಏಳುವುದಕ್ಕೆ ಹತ್ತು ನಿಮಿಷ. ಎದ್ದಾಗ ತೂಕ ಮತ್ತೆ ಇಲ್ಲ.

"ವೈರೇ ಕಣ್ರೀ," ಅಂದ ರಂಗನಾಥ್.

ದಾನೇಶ್ವರಿ ನನ್ನ ಕಡೆ ಬಗ್ಗಿದಳು. "ಆನ್ ಆದಾಗೆಲ್ಲ ಒಂದು ಕಪ್ಪು ಕಿಟಕಿ ಬಂದು ಹಂಗೇ ಹೋಯ್ತದೆ, ನೋಡ್ದಾ?"

ಹುಡುಕಿದೆ. ಕಂಪ್ಯೂಟರು ಏಳುವಾಗ ತಾನಾಗಿ ಓಡುವ ಫೈಲುಗಳ ಜಾಗದಲ್ಲಿ ಒಂದೇ ಸಾಲಿನ ಫೈಲು. ಹಳೆಯ ಡಬ್ಬದ ವಿಳಾಸವನ್ನು ಪಟ್ಟಿಗೆ ಬರೆ ಅನ್ನುವ ಅಪ್ಪಣೆ.

"ಇದ್ಯಾರು ಬರ್ದಿದ್ದು?"

ರಂಗನಾಥ್ ಗುರುತಿನ ಚೀಟಿಯನ್ನು ಸರಿಮಾಡಿಕೊಂಡ. "ಅದು ಸೆಕ್ಯೂರಿಟಿ ಕಣ್ರೀ. ಯಾರೂ ಕಳ್ಳ ತಕ್ಕಡಿ ತಂದು ಸಿಗಿಸ್ಬಾರ್ದು ಅಂತ ಸೆಕ್ರೆಟರಿ ಸಾಹೇಬ್ರೇ ಹಾಕ್ಸಿದ್ರು. ಎರಡು ವರ್ಷ ಆಯ್ತು."

ಅಂದರೆ ಮೂರು ದಿನದಿಂದ ಇವರು ಆಫ್ ಮಾಡಿ ಆನ್ ಮಾಡಿದ ಅಷ್ಟೂ ಸಲ, ತಮ್ಮ ಕೈಯಾರೆ ಸತ್ತ ಡಬ್ಬವನ್ನೇ ಕೂರಿಸಿ ಕೂರಿಸಿ ಎದ್ದಿದ್ದರು. ಫೈಲನ್ನು ತೆಗೆದೆ, ಸಾಲನ್ನು ಮತ್ತೆ ಅಳಿಸಿದೆ. ತೂಕ ಬಂತು. ಗಂಟೆ ನಾಲ್ಕು ಹತ್ತು.

"ಮೊದ್ಲು ಕೆಂಪಯ್ಯನೋರ ಲೋಡು ಬರ್ಲಿ," ಅಂದ ಶ್ರೀರಂಗಯ್ಯ. ಕೆಂಪಯ್ಯನದು ಇಪ್ಪತ್ತಾರನೇ ಟೋಕನ್ನು.

ನಾನು ಕಪ್ಪು ಕಿಟಕಿಯನ್ನು ಮತ್ತೆ ತೆರೆದೆ. ಆ ಸತ್ತ ಸಾಲನ್ನೇ ಅಕ್ಷರ ಅಕ್ಷರವಾಗಿ ಮತ್ತೆ ಬರೆದು ಎಂಟರ್ ಮೇಲೆ ಬೆರಳಿಟ್ಟೆ. ಆಮೇಲೆ ಹೇಳಿದೆ: "ಟೋಕನ್ ಪ್ರಕಾರ ಕರೀರಿ. ಇಲ್ದಿದ್ರೆ ಇದನ್ನ ಒತ್ತಿ ನಾನು ಮನೀಗ್ ಹೋಯ್ತೀನಿ. ನಿಮ್ ಎಂಜಿನಿಯರ್ ಕೈಲಿ ಇನ್ನೊಂದ್ ವೈರ್ ಹಾಕ್ಸಿ."

ಶ್ರೀರಂಗಯ್ಯ ರಂಗನಾಥನ ಮುಖ ನೋಡಿದ. ರಂಗನಾಥ್ ನೆಲ ನೋಡಿದ. ಹೊರಗಿನಿಂದ ಯಾರೋ, "ಟೋಕನ್ನೇ ಕರೀರಿ ಸ್ವಾಮಿ, ಅವ್ನು ಒತ್ತಂಗೌನೆ!" ಅಂತ ಅರಚಿದರು. ಕಂಬ ಹತ್ತುವವನು ಅಂತ ಮೊನ್ನೆ ನಕ್ಕಿದ್ದ ಬಾಯಿಗಳೇ.

ಹೊರಗಿನ ಸಾಲು ಮುಂದೆ ಸರಿಯಿತು. ಹದಿನಾಲ್ಕನೇ ಟೋಕನ್ ಕರೆದಾಗ ಐದಕ್ಕೆ ಎಂಟು ನಿಮಿಷ. ಅವ್ವ ಸೆರಗು ಬಿಗಿದು, ಹಮಾಲಿಗಳ ಜೊತೆ ತಾನೂ ಮೂಟೆಗೆ ಕೈ ಹಾಕಿದಳು. ಆರನೆಯದು ತೂಗಿತು. ಏಳನೆಯದು ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲುವ ಮೊದಲೇ ತೆರೆ ಬೂದಿಬಣ್ಣಕ್ಕೆ ತಿರುಗಿತು. ಐದು ಗಂಟೆ.

ಆಚೆ ಶ್ರೀರಂಗಯ್ಯ, ಎಂಜಿನಿಯರ್ ಸಾರು ಇದ್ದಿದ್ದಕ್ಕೆ ಇಷ್ಟಾದರೂ ಆಯಿತು ಅಂತ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ಅವ್ವ ಅತ್ತ ತಿರುಗಿಯೂ ನೋಡಲಿಲ್ಲ. ಉಳಿದ ಮೂರು ಮೂಟೆಗಳ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು.

"ಲೇ, ಮೊದಲ್ನೇ ದಿನಾನೇ ನಿಂಗಿದು ಗೊತ್ತಿತ್ತಾ?"

"ಅನುಮಾನ ಇತ್ತು ಕಣವ್ವ. ಅವ್ರು ಒಳೀಕೇ ಬುಡ್ಲಿಲ್ವಲ್ಲ."

"ಒಂದು ಮಾತು ಅಂದ್ರು ಅಂತ ಮೂರ್ ದಿನ ಮರದಡೀಲಿ ಕುಂತ್ಯಾ? ನಾನ್ ಸಾಲಲ್ಲಿ ನಿಂತು ಎಷ್ಟ್ ಮಾತು ಅನ್ನಿಸ್ಕಂಡೆ ಗೊತ್ತೇನ್ಲಾ?"

 

ಹನಿ ಶುರುವಾಯಿತು. ಅವಳು ತಲೆಯ ಮೇಲಿನ ಟವಲು ತೆಗೆದು ಒಂದು ಮೂಟೆಯ ಬಾಯಿಗೆ ಹೊದಿಸಿದಳು. ನಾನು ಅಂಗಿ ಬಿಚ್ಚಿ ಎರಡನೆಯದಕ್ಕೆ ಹೊದಿಸಿದೆ. ಮೂರನೆಯದನ್ನು ಬೆನ್ನಿಗೆ ಏರಿಸಿಕೊಂಡು ಸೊಸೈಟಿಯ ಜಗಲಿಯ ಕಡೆ ಓಡಿದೆ.