ಕನಸಿನಲ್ಲಿ ಮಲಗಿದ ಸೊಸೆ

ಮಾನ್ವಿಯ ಉಮಾದೇವಿ ಮೂರು ದಿನದಿಂದ ಸೊಸೆಯ ಕೈಯ ರೊಟ್ಟಿ ಮುಟ್ಟಿರಲಿಲ್ಲ. ಸೊಸೆ ವಿಶಾಖಾ ಐದಕ್ಕೇ ಎದ್ದು ಬಡಿದ ರೊಟ್ಟಿ ಬುಟ್ಟಿಯಲ್ಲೇ ಉಳಿಯುತ್ತಿತ್ತು. ಅವಳು ಕಚೇರಿಗೆಂದು ರಾಯಚೂರಿನ ಬಸ್ಸು ಹತ್ತಿದ ಮೇಲೆ ಅತ್ತೆ ಬೇರೆ ಹಿಟ್ಟು ನಾದಿ ತನ್ನ ಪಾಲಿನ ಎರಡು ಬಡಿದುಕೊಳ್ಳುತ್ತಿದ್ದಳು. ಇಷ್ಟಕ್ಕೆಲ್ಲ ಕಾರಣ ವಿಶಾಖಾಳಿಗೆ ಬಿದ್ದ ಒಂದು ಕನಸು.

ಕನಸಿನಲ್ಲಿ ಅತ್ತೆ ತೀರಿಕೊಂಡಿದ್ದಳು. ಮಣ್ಣು ಮಾಡಿ ಬಂದವರೆಲ್ಲ ಹೊರಟುಹೋಗಿದ್ದರು. ಮನೆಯಲ್ಲಿ ನೊಣದ ಸದ್ದೂ ಇಲ್ಲ. ವಿಶಾಖಾ ನಡುಮಧ್ಯಾಹ್ನ ಅತ್ತೆಯ ಮಂಚದ ಮೇಲೆ ಕಾಲು ಚಾಚಿ, ಸೆರಗು ಮುಖಕ್ಕೆಳೆದುಕೊಂಡು ಮಲಗಿಬಿಟ್ಟಿದ್ದಳು. ಅಷ್ಟೇ.

ಜಾಲಹಳ್ಳಿಯಲ್ಲಿ ಅವಳನ್ನು ಸಾಕಿದ ಅಜ್ಜಿ ಗೋಪಮ್ಮ ಕಥೆ ಹೇಳಿ ಮಲಗಿಸಿ, ಬೆಳಗಾದರೆ ಕನಸು ಕೇಳುತ್ತಿದ್ದಳು. ಕನಸಿನಲ್ಲಿ ಹಾವು ಬಂದಿರಲಿ, ಹೆಣ ಬಂದಿರಲಿ, "ಹ್ಞೂಂ" ಎನ್ನುವುದಷ್ಟೇ ಕೇಳುವವರ ಕೆಲಸ. ತಪ್ಪು ಹುಡುಕುವಂತಿಲ್ಲ, ಇನ್ನೊಬ್ಬರ ಕಿವಿಗೆ ದಾಟಿಸುವಂತಿಲ್ಲ. ಎಲ್ಲ ಮನೆಗಳಲ್ಲೂ ಹೀಗೇ ಎಂದುಕೊಂಡ ವಿಶಾಖಾ ಈ ಕನಸನ್ನು ಗಂಡ ಅನಿಲಕುಮಾರನಿಗೆ ಹೇಳಿದ್ದಳು. ಅವನು ನಗುನಗುತ್ತ ಅದನ್ನು ಚಹದ ಜೊತೆ ಅವ್ವನಿಗೂ ಕೊಟ್ಟಿದ್ದ.

ಶನಿವಾರ ಸಂಜೆ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವುದರೊಳಗೆ ಅನಿಲ ಬಾಗಿಲಲ್ಲೇ ತಡೆದ.

"ಸುಮ್ಮ ತಪ್ಪಾತು ಅಂದುಬಿಡು. ಮಾತು ಮುಗೀತದ."

"ಯಾವುದಕ್ಕ ಅನ್ಲಿ? ಕಣ್ಣು ಮುಚ್ಚಿದ್ದಕ್ಕ?"

"ಒಂದು ಮಾತಿಗೆ ನಿನ್ನ ಗಂಟೇನು ಹೋಗ್ತದ?"

"ತಪ್ಪಾತು ಅಂದ್ರ, ನಿಮ್ಮವ್ವ ಸಾಯ್ಲಿ ಅಂತ ಬಯಸಿದ್ದು ಖರೆ ಅಂದಂಗ ಆಗ್ತದ್ರಿ. ನಾ ನಿಮಗೊಬ್ಬರಿಗೇ ಹೇಳಿದ್ದೆ. ಮನಿಗೆಲ್ಲ ಹಂಚ್ರಿ ಅಂತ ಕೊಟ್ಟಿರಲಿಲ್ಲ."

ಅನಿಲ ಮೊಬೈಲ್ ನೋಡತೊಡಗಿದ. ಒಳಗಿನಿಂದ ಉಮಾದೇವಿಯೇ ದನಿ ತೆಗೆದಳು.

"ಸತ್ತದ್ದಕ್ಕ ನನಗ ಸಿಟ್ಟಿಲ್ಲ ಬೇ. ಕನಸಿನ್ಯಾಗ ಸತ್ರ ಆಯುಷ್ಯ ಹೆಚ್ಚಾಗ್ತದಂತ, ಆಗ್ಲಿ. ಒಂದು ಹನಿ ಕಣ್ಣೀರಿಲ್ಲ, ಮತ್ತ ನನ್ನ ಮಂಚದ ಮ್ಯಾಲೇ ಮಕ್ಕೊಂಡಿಯಲ್ಲ! ಹೆಣ ಎತ್ತಿದ ಮನ್ಯಾಗ ನಿದ್ದಿ ಹೆಂಗ ಬಂತು ನಿನಗ?"

ವಿಶಾಖಾ ಹೊಸ್ತಿಲ ಬಳಿ ಕೂತಳು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಉತ್ತರಗಳನ್ನೆಲ್ಲ ಎತ್ತಿ ಆಡಲು ತ್ರಾಣವಿರಲಿಲ್ಲ.

"ಅತ್ತೀ, ನಿಮ್ಮ ಸಾವು ನಾ ಬಯಸಿಲ್ಲ. ನಿದ್ದಿ ಬಯಸೀನಿ. ಈ ಮನಿಗೆ ಬಂದು ಎರಡು ವರ್ಷಾತು, ಹಗಲೊತ್ತು ಒಂದು ದಿನಾನೂ ಮಕ್ಕೊಂಡಿಲ್ಲ. ನೀವಿದ್ರ ಅಂಜಿಕಿ. ನಿದ್ದಿ ಬಯಸಿದ್ದಕ್ಕ ತಪ್ಪಾತು ಅನ್ನಂದ್ರ ಅಂತೀನಿ. ಕನಸಿಗೆ ಅನ್ನಂಗಿಲ್ಲ."

ಉಮಾದೇವಿ ರೊಟ್ಟಿ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು ಒಂದನ್ನು ಮುರಿದಳು.

"ಚಕ್ಕಳ ಆಗ್ಯಾವ. ನಾಳಿ ಐತವಾರ, ಉಂಡು ಮಕ್ಕೋ. ಯಾರು ಬ್ಯಾಡಂದಾರ?"

ಮರುದಿನ ಮಧ್ಯಾಹ್ನ ಅತ್ತೆ ತಾನೇ ಟಿ.ವಿ. ಆರಿಸಿ, ಮಗನನ್ನು ಹೊರಗೆ ಅಟ್ಟಿ, ಬಾಗಿಲ ಬಳಿ ಜೋಳ ಹಸನು ಮಾಡುತ್ತ ಕೂತಳು. ವಿಶಾಖಾ ಚಾಪೆಯ ಮೇಲೆ ಒರಗಿದಳು. ನಿದ್ದೆ ರೆಪ್ಪೆಯವರೆಗೆ ಬಂತು. ಇನ್ನೇನು ಮುಳುಗಬೇಕು, ಅಷ್ಟರಲ್ಲಿ ಹೊಳೆಯಿತು: ಈಗ ಯಾವ ಕನಸು ಬಿದ್ದೀತು? ಯಾರು ಸತ್ತಾರು, ತಾನು ಯಾರ ಮಂಚದ ಮೇಲೆ ಮಲಗಿಬಿಟ್ಟಾಳು? ಕಣ್ಣು ತೆರೆದಳು. ಮತ್ತೆ ಮುಚ್ಚಿದಳು, ಮತ್ತೆ ತೆರೆದಳು.

"ಯಾಕ ಹೊರಳಾಡಾಕತ್ತಿ? ಕನಸೇನಾರ ಬಿತ್ತೇನು?" ಉಮಾದೇವಿ ಮೊರ ನಿಲ್ಲಿಸಿ ಕೇಳಿದಳು.

"ಏನಿಲ್ರಿ ಅತ್ತಿ."

"ಹಂಗಾರ ಇನ್ನೊಂದೀಟು ಮಕ್ಕೋ."

ವಿಶಾಖಾ ಗೋಡೆಯ ಕಡೆ ತಿರುಗಿ, ನಾಲ್ಕು ಹೊಡೆಯುವವರೆಗೂ ಎಚ್ಚರವಾಗಿಯೇ ಮಲಗಿದ್ದಳು.